ಸೀಟಿ ಹುಲಿಗೆವ್ವನ ಏಟು

ಹುಲಿಗೆವ್ವ ನನ್ನನ್ನು ಮೊದಲು ಮಾತಾಡಿಸಿದ್ದು ಕಲ್ಲಿನಿಂದ. ಮುಷ್ಟಿ ಗಾತ್ರದ ಕಲ್ಲೊಂದು ಬಂದು ನನ್ನ ಹೆಲ್ಮೆಟ್ಟಿಗೆ ಟಣ್ ಎಂದು ಬಡಿಯಿತು. ತಿರುಗುವಷ್ಟರಲ್ಲಿ ಇನ್ನೊಂದು ಬೆನ್ನಿಗೆ ಬಿತ್ತು. ಯಾರದು ಎಂದು ಬಾಯಿ ತೆರೆಯುವ ಮೊದಲೇ ಒಂದು ದಪ್ಪ ಕೈ ನನ್ನ ಕಾಲರ್ ಹಿಡಿದು, ಹೊಲಕ್ಕೆ ನುಗ್ಗಿದ ಮೇಕೆಯನ್ನು ಎಳೆದಂತೆ ದರದರ ಎಳೆದು, ಲಾರಿಯಷ್ಟು ದೊಡ್ಡ ಬಂಡೆಯ ಹಿಂದೆ ಕೆಡವಿತು. ಕೆಡವಿದ್ದಷ್ಟೇ ಅಲ್ಲ, ಅವಳು ನನ್ನ ಬೆನ್ನ ಮೇಲೆ ಮಂಡಿಯೂರಿ ಕೂತಳು. ಆಮೇಲೆ ಗುಡ್ಡ ಸಿಡಿಯಿತು. ಎದೆಯೊಳಗಿನ ಎಲುಬುಗಳೆಲ್ಲ ಒಂದಕ್ಕೊಂದು ತಾಗಿದಂತಾಯಿತು. ಧೂಳು ಇಳಿದ ಮೇಲೆ ನೋಡುತ್ತೇನೆ, ನಾನು ನಿಂತಿದ್ದ ಜಾಗದಲ್ಲಿ ತಲೆದಿಂಬಿನಷ್ಟು ಕಲ್ಲು ಅರ್ಧ ನೆಲಕ್ಕೆ ಹೂತು ಕೂತಿತ್ತು.

"ಕಿವ್ಯಾಗ ಅರಳಿ ತುರಕೊಂಡಿಯೇನಲೇ ಭಾಡ್ಯಾ? ಸೀಟಿ ಹೊಡದೆ, ಕೇಳಲಿಲ್ಲ. ಬಾಯಿ ಮಾಡಿದೆ, ಕೇಳಲಿಲ್ಲ. ನಿನಗೇನು ಹೂವಿಲೆ ಹೊಡೀಬೇಕಿತ್ತೇನು?"

ಉಪಕಾರ ಸ್ಮರಿಸಬೇಕೆಂದು ಎದ್ದು ನಿಂತೆ. ಕಪಾಳಕ್ಕೆ ಒಂದು ಬಿತ್ತು.

"ಅಯ್ಯ, ಇದು ಯಾಕ್ರಿ ಅಕ್ಕಾ?"

"ನೆನಪಿರಲಿ ಅಂತ," ಎಂದಳು. ಸೀರೆಯ ಧೂಳು ಕೊಡವಿಕೊಂಡು ಹೊರಟುಹೋದಳು.

ಶಹಾಪುರದಿಂದ ಸುರಪುರದ ಕಡೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಕಲ್ಲಿನ ಕ್ವಾರಿ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಹಾರಿಸುತ್ತಾರೆ. ಅದಕ್ಕೆ ಅಲ್ಲಿಯವರು ಬಾರು ಹೊಡೆಯುವುದು ಎನ್ನುತ್ತಾರೆ. ಬಾರು ಹಾರುವ ಮೊದಲು ರಸ್ತೆ, ಹೊಲ, ಓಣಿಗಳಿಂದ ಜನರನ್ನು ದನಗಳನ್ನು ದೂರ ಕಳಿಸುವ ಕೆಲಸ ಹುಲಿಗೆವ್ವನದು. ಕೊರಳಲ್ಲಿ ಕರಿಮಣಿ ಸರದ ಜೊತೆಗೇ ಕಪ್ಪು ದಾರದ ಸೀಟಿ. ಗಂಡ ತೀರಿಕೊಂಡಿದ್ದರೂ ಕರಿಮಣಿ ತೆಗೆದಿರಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ಕೈಯಲ್ಲಿ ಬಡಿಗೆ. ಇನ್ನೊಂದರಲ್ಲಿ ಕೆಂಪು ಬಾವುಟ. ಕಂಪನಿ ಕೊಟ್ಟದ್ದು ಬಿಸಿಲಿಗೆ ಗುಲಾಬಿ ಬಣ್ಣಕ್ಕೆ ತಿರುಗಿತೆಂದು ತನ್ನದೇ ಕೆಂಪು ಸೀರೆ ಹರಿದು ಕಟ್ಟಿಕೊಂಡಿದ್ದಳು. "ಗುಲಾಬಿ ಬಣ್ಣ ನೋಡಿ ಯಾವ ಗಂಡಸು ನಿಂದರ್ತಾನ್ರಿ? ಇನ್ನೂ ಮುಂದ ಬರ್ತಾನ," ಎನ್ನುತ್ತಿದ್ದಳು.

ಅವಳ ಕಾನೂನು ಚಿಕ್ಕದು: ಒಂದು ಸೀಟಿ, ಒಂದು ಬಾಯಿ, ಆಮ್ಯಾಲ ಕೈ. ಕೈ ಎಂದರೆ ಸುಮ್ಮನೆ ಅಲ್ಲ. ಕುಡಿದು ಮಲಗಿದವರನ್ನು ಕಾಲು ಹಿಡಿದು ಎಳೆದು ಚರಂಡಿಗೆ ಉರುಳಿಸಿದ್ದಾಳೆ. ಮೊಬೈಲಿನಲ್ಲಿ ಬ್ಲಾಸ್ಟಿಂಗ್ ಚಿತ್ರ ತೆಗೆಯಲು ನಿಂತ ಹುಡುಗರ ಮೊಬೈಲು ಕಸಿದು ಬಾವಿಗೆ ಎಸೆದಿದ್ದಾಳೆ. ಒಮ್ಮೆ ಕ್ವಾರಿಯ ಮಾಲಕರ ಜೀಪೇ ಬಾವುಟ ಲೆಕ್ಕಿಸದೆ ನುಗ್ಗಿ ಬಂತು. ಸೀಟಿ ಹೊಡೆದಳು. ಕೂಗಿದಳು. ಆಮೇಲೆ ಬಡಿಗೆ ಬೀಸಿ ಮುಂದಿನ ಗಾಜು ಪುಡಿ ಮಾಡಿದಳು. ಒಳಗಿದ್ದ ಮಾಲಕರ ಮಡಿಲ ತುಂಬ ಗಾಜು. ಡ್ರೈವರ್ ಇಳಿದು ಬಂದರೆ ಅವನಿಗೂ ಎರಡು ಬಿತ್ತು. ಆ ಹೊತ್ತಿಗೆ ಬಾರು ಹಾರಿ, ಜೀಪಿನ ಮುಂದೆಯೇ ರಸ್ತೆಯ ತುಂಬ ಕಲ್ಲು ಸುರಿಯಿತು. ಮಾಲಕರು ಮಡಿಲ ಗಾಜು ಕೊಡವಿಕೊಂಡು, "ಈಕಿನ್ನ ಕೆಲಸದಿಂದ ತೆಗೀಬ್ಯಾಡ್ರಿ," ಎಂದರಂತೆ. ಈ ಕಥೆಯನ್ನು ಹುಲಿಗೆವ್ವ ಎಂದೂ ಹೇಳಿದವಳಲ್ಲ. ಹೇಳಿದವನು ಆ ಡ್ರೈವರ್, ಅದೂ ಕೆನ್ನೆ ಸವರಿಕೊಳ್ಳುತ್ತಲೇ.

ಇಷ್ಟು ಹೊಡೆಯುವುದು ಯಾಕೆ ಎಂದು ಒಮ್ಮೆ ಕೇಳಿದೆ. ಜೋಳದ ರೊಟ್ಟಿ ಮುರಿಯುತ್ತ ಕೂತಿದ್ದಳು. "ನನ್ನ ಗಂಡಗ ಕಲ್ಲು ಬಡೀತಲ್ಲ, ಅವತ್ತು ಕಾವಲಿಗಿದ್ದಾಂವ ಬಾಯಿ ಮಾಡಿದ್ದನಂತ. ಓಡಪ್ಪಾ ಓಡು ಅಂದನಂತ. ಇಂವ ಬೀಡಿ ಮುಗೀಲಿ ಅಂತ ಕುಂತಾನ. ಯಾರರೆ ಒಬ್ಬರು ಬಂದು ಒಂದು ಏಟು ಹಾಕಿ ಎಳಕೊಂಡು ಹೋಗಿದ್ರ ಇವತ್ತು ಇರ್ತಿದ್ದ. ಯಾರೂ ಹೊಡೀಲಿಲ್ಲ." ರೊಟ್ಟಿಯ ತುಂಡು ಬಾಯಿಗಿಟ್ಟುಕೊಂಡಳು. "ಸಾಯೂರಿಗೆ ಬುದ್ಧಿ ಹೇಳಬಾರದ್ರಿ ಸಾಬ. ಹೊಡೀಬೇಕು."

ನನ್ನ ಹೆಸರು ರಫೀಕ್. ಊರು ಯಾದಗಿರಿ. ಕೆಲಸ, ಬಾರು ಹಾರಿದಾಗ ನೆಲ ಎಷ್ಟು ನಡುಗುತ್ತದೆಂದು ಅಳೆಯುವುದು. ಕ್ವಾರಿಯವರಿಗೆ ಗುಡ್ಡದ ಪಶ್ಚಿಮದ ಮಗ್ಗುಲು ಬೇಕಾಗಿತ್ತು. ಅಲ್ಲಿ ಕಲ್ಲು ಚೆನ್ನಾಗಿದೆ, ಆದರೆ ಪಕ್ಕದಲ್ಲೇ ಗುಡ್ಡದೋಣಿ ಎಂಬ ಒಂದು ಸಾಲು ಮನೆಗಳಿವೆ. ಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ ಗೋಡೆ, ಮೇಲೆ ಮಾಳಿಗೆಗೆ ಹಾಸುಗಲ್ಲಿನ ಚಪ್ಪಡಿಗಳು. ಗೋಡೆ ಸ್ವಲ್ಪ ಜರುಗಿದರೂ ಚಪ್ಪಡಿ ನೆತ್ತಿಯ ಮೇಲೆ ಬರುತ್ತದೆ. ಓಣಿಯವರು ಬೇಡವೆಂದು ಅರ್ಜಿ ಹಾಕಿದ್ದರು. ಮೇಲಿನ ಸಾಹೇಬರು, ಮೊದಲು ಅಳೆಯಿರಿ, ಆಮೇಲೆ ನೋಡೋಣ ಎಂದಿದ್ದರು. ಗುಡ್ಡಕ್ಕೆ ಎಲ್ಲಕ್ಕಿಂತ ಹತ್ತಿರದ ಮನೆ ಹುಲಿಗೆವ್ವನದು. ಹಾಗಾಗಿ ನನ್ನ ಮಿಶನ್ ಅವಳ ಅಂಗಳಕ್ಕೆ ಬಂತು.

ಮಿಶನ್ ಎಂದರೆ ದೊಡ್ಡದೇನಲ್ಲ. ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ, ಅದಕ್ಕೊಂದು ತಂತಿ, ತಂತಿಯ ತುದಿಗೆ ಮೂರು ಮೊಳೆಯ ಉಕ್ಕಿನ ಗುಂಡು. ಗೋಡೆಯ ಬುಡದಲ್ಲಿ ಗುಳಿ ತೋಡಿ, ಮೊಳೆಗಳನ್ನು ಗಟ್ಟಿ ನೆಲಕ್ಕೆ ಒತ್ತಿ, ಮೇಲೆ ಮರಳಿನ ಚೀಲ ಹೇರಬೇಕು. ನೆಲ ನಡುಗಿದಾಗ ಪೆಟ್ಟಿಗೆ ತಾನೇ ಎಚ್ಚರಗೊಂಡು ಗೆರೆ ಬರೆದಿಟ್ಟುಕೊಳ್ಳುತ್ತದೆ. ಮಣ್ಣಿನ ಗೋಡೆಗೆ ಎಷ್ಟು ನಡುಕ ಸೈ ಎಂಬುದಕ್ಕೆ ಒಂದು ಮಿತಿ ಇದೆ. ಮಿತಿ ದಾಟಿದರೆ ಪಶ್ಚಿಮದ ಕಡೆ ಬಾರು ಹೊಡೆಯುವ ಹಾಗಿಲ್ಲ.

ಪರೀಕ್ಷೆಗೆಂದು ಬಾರು ಹಾರಿಸಿದ ಪ್ರತಿ ಸಲವೂ ಗೆರೆ ಮಿತಿಯೊಳಗೇ ಬಂತು. ಬರದೇ ಏನು ಮಾಡೀತು, ನಾನು ಬಂದ ದಿನ ಮದ್ದನ್ನು ಚಿಟಿಕೆ ಲೆಕ್ಕದಲ್ಲಿ ತುಂಬುತ್ತಿದ್ದರು. ಇದನ್ನು ನಾನು ನಮ್ಮ ಆಫೀಸಿಗೆ ಬರೆದೆ. ಮದ್ದು ನೋಡುವುದು ನಿನ್ನ ಕೆಲಸವಲ್ಲ, ನೆಲ ನೋಡು ಎಂದರು. ಓಣಿಯವರಿಗಂತೂ ನಾನೂ ಮಿಶನ್ನೂ ಇಬ್ಬರೂ ಕಳ್ಳರು. "ಕಂಪನಿ ರೊಕ್ಕದ ಮಿಶನ್. ಕಂಪನಿ ಹೇಳಿದ್ದೇ ಹೇಳ್ತದ," ಎಂದು ಹುಲಿಗೆವ್ವ ನನ್ನ ಮುಖಕ್ಕೇ ಉಗುಳಿದಳು. ಉಗುಳಿದ್ದು ಮಾತಿನಲ್ಲಷ್ಟೇ ಅಲ್ಲ.

ಕೊನೆಯ ಅಳತೆಯ ದಿನ ಅವಳು ಒಂದು ಉಪಾಯ ಮಾಡಿದಳು. ತಾನು ಬಾವುಟ ಹಿಡಿದು ರಸ್ತೆಗೆ ಹೋದಳು, ನನ್ನನ್ನೂ ಎಳೆದುಕೊಂಡು ಹೋದಳು. ಅವಳ ಅಂಗಳಕ್ಕೆ ಓಣಿಯ ಹೆಂಗಸರೆಲ್ಲ ಒನಕೆ ಹಿಡಿದು ಬಂದರು. ಮಿಶನ್ನಿಗೆ ಕಿವಿ ಮಂದ, ನಾವೇ ಸ್ವಲ್ಪ ಜೋರಾಗಿ ಕೇಳಿಸೋಣ ಎಂಬ ಲೆಕ್ಕ. ಗುಂಡಿನ ಸುತ್ತ ನಿಂತು ಬಾರು ಹಾರುವ ಹೊತ್ತಿಗೆ ಧಡ್ ಧಡ್ ಎಂದು ನೆಲ ಕುಟ್ಟಿದರು. ಕುಟ್ಟಿದ ರಭಸಕ್ಕೆ ಹೊಸ ಒನಕೆಯೊಂದು ಸೀಳಿತಂತೆ. ಸೀಟಿ ಕೇಳಿದ್ದೇ ಶುರುಮಾಡಿದ್ದರು, ಹೊಗೆ ಇಳಿದ ಮೇಲೂ ನಿಲ್ಲಿಸಿರಲಿಲ್ಲ.

ಒನಕೆಯ ಏಟು ಬೇರೆ, ಬಾರಿನ ನಡುಕ ಬೇರೆ. ಗೆರೆ ನೋಡಿದರೆ ಎಂಥವರಿಗೂ ತಿಳಿಯುತ್ತದೆ. ಶಹಾಪುರದಲ್ಲಿ ಸಭೆ ನಡೆದಾಗ ಕ್ವಾರಿಯ ಮ್ಯಾನೇಜರ್ ಆ ಹಾಳೆಯನ್ನು ಎತ್ತಿ ಹಿಡಿದ. "ನೋಡ್ರಿ ಸಾಹೇಬ್ರ. ಬಾರು ಹಾರೂಕಿಂತ ಮೊದಲೇ ಭೂಮಿ ಅಲುಗಾಡ್ಯಾದ. ಇವರ ಮನಿ ಬೀಳಿಸಾವರು ನಾವಲ್ಲ, ಇವರ ಒನಕಿ." ಸಭೆಗೆ ಸಭೆಯೇ ನಕ್ಕಿತು. ಓಣಿಯವರ ಅರ್ಜಿ ಆ ನಗೆಯಲ್ಲೇ ಹಾರಿಹೋಯಿತು. ಪಶ್ಚಿಮದ ಕಡೆಗೆ ಒಪ್ಪಿಗೆ ಸಿಕ್ಕಿತು.

"ನಮ್ಮ ಪಗಾರ ತಿಂದು ನಮಗೇ ಅಡ್ಡ ನಿಂದರ್ತಿಯಲ್ಲ, ನಾಚಿಕಿ ಇಲ್ಲೇನು?" ಎಂದು ಮ್ಯಾನೇಜರ್ ಹೊರಗೆ ಬಂದಾಗ ಹುಲಿಗೆವ್ವನನ್ನು ಕೇಳಿದ.

"ಕಲ್ಲು ಒಡೀಬ್ಯಾಡ್ರಿ ಅಂದಿಲ್ಲ ನಾ. ನಮ್ಮ ತಲಿ ಮ್ಯಾಲ ಒಡೀಬ್ಯಾಡ್ರಿ ಅಂದೀನಿ," ಎಂದವಳೇ ಚಪ್ಪಲಿ ತೆಗೆದಳು. ನಾಲ್ಕು ಜನ ಹಿಡಿದುಕೊಳ್ಳುವಷ್ಟರಲ್ಲಿ ಮ್ಯಾನೇಜರನ ಬಿಳಿ ಅಂಗಿಯ ಮೇಲೆ ಚಪ್ಪಲಿಯ ಗುರುತು ಮೂಡಿತ್ತು.

ಮರುದಿನ ಮಿಶನ್ ಕಿತ್ತುಕೊಂಡು ಹೋಗಲು ನಾನು ಬಂದೆ. ಹುಲಿಗೆವ್ವ ಒನಕೆ ಹಿಡಿದು ಮನೆಯಿಂದ ಹೊರಬಂದಳು. ಪೆಟ್ಟಿಗೆಯನ್ನು ಪುಡಿ ಮಾಡುವುದೇ ಅವಳ ಉದ್ದೇಶ. ನಾನು ಅಡ್ಡ ಬಂದೆ. ಒನಕೆ ನನ್ನ ಭುಜಕ್ಕೆ ಬಿತ್ತು. ಕಣ್ಣು ಕತ್ತಲಿಟ್ಟಿತು. ನನಗೂ ಸಿಟ್ಟು ನೆತ್ತಿಗೇರಿತು. ನಾನೂ ಯಾದಗಿರಿಯವನೇ ಅಲ್ಲವೇ.

"ಹೊಡಿರಿ, ಇನ್ನೊಂದು ಹೊಡಿರಿ! ಮಿಶನ್ ಖರೆ ಹೇಳ್ತಿತ್ತು. ಅದರ ಬಾಯಾಗ ಒನಕಿ ತುರಕಿದಾವರು ನೀವು! ದೊಡ್ಡ ಬಾರು ಹೊಡಿಯೂ ದಿನ ಸುಮ್ಮ ಬಿಟ್ರ ಎಲ್ಲಾ ಹೇಳ್ತದ!"

ಒನಕೆ ಕೆಳಗಿಳಿಯಿತು. "ಯಾರೂ ಕುಟ್ಟಲಿಲ್ಲಂದ್ರ ಖರೆ ಹೇಳ್ತದ?"

"ಹೇಳ್ತದ."

"ನೀ ಇಲ್ದಿದ್ರೂ?"

"ಬ್ಯಾಟರಿ ಇರೂತನಕ ಹೇಳ್ತದ. ಆದ್ರ ಸುತ್ತ ಯಾರೂ ಕುಣೀಬಾರದು. ಸುಮ್ಮಸುಮ್ಮನೆ ಕುಟ್ಟಿದ್ರ ಅದರ ಹೊಟ್ಟಿ ತುಂಬಿಹೋಗ್ತದ."

ಅವಳು ಯೋಚಿಸಿದಳು. "ಯಾವಾಗ ಹೇಳ್ತದ? ಗೋಡಿ ಬೀಳೂಕಿಂತ ಮೊದಲೋ, ಬಿದ್ದ ಮ್ಯಾಲೋ?"

"ಬಾರು ಹಾರಿದ ಮ್ಯಾಲೇ ಅಕ್ಕಾ. ಮೊದಲ ಹೆಂಗ ಹೇಳ್ತದ?"

"ಥೂ. ಅಟ್ಟ ಮ್ಯಾಲ ಒಲಿ ಉರೀತಂತ," ಎಂದಳು. ಆದರೂ ಮಿಶನ್ ಕೊಡಲಿಲ್ಲ. ಅದರ ಪಕ್ಕದಲ್ಲಿ ಬಡಿಗೆ ಊರಿ ಕೂತು, "ಇದು ಇಲ್ಲೇ ಇರ್ತದ. ನೀ ಹೋಗು," ಎಂದಳು. ಮನೆಗೆ ಬಂದರೆ ಅಮ್ಮೀ ನನ್ನ ಭುಜದ ಬಾವು ನೋಡಿ, "ಕೌನ್ ಮಾರ್‍ಯಾ ರೇ?" ಎಂದು ಹೊಡೆದವರನ್ನು ಬೈಯುತ್ತ ಅರಿಸಿನ ಅರೆದಳು. ಆಫೀಸಿನವರು, ಮಿಶನ್ ತರದೆ ಬರಬೇಡ ಎಂದರು. ನೀವೇ ಬಂದು ಅವಳ ಕೈಯಿಂದ ತಗೊಳ್ಳಿ ಎಂದೆ. ಯಾರೂ ಬರಲಿಲ್ಲ.

ಆಮೇಲಿನ ದಿನಗಳ ಹುಲಿಗೆವ್ವನನ್ನು ನೀವು ನೋಡಬೇಕಾಗಿತ್ತು. ನೆಲ ಕುಟ್ಟಿಸಿದವಳೇ ಈಗ ನೆಲದ ಪೊಲೀಸು. ಓಣಿಯಲ್ಲಿ ಒನಕೆ ಬಂದ್. ಖಾರ ಕುಟ್ಟುವವರು ಹೊಲಕ್ಕೆ ಹೋಗಿ ಕುಟ್ಟಬೇಕು. ಅಂಗಳದಲ್ಲಿ ಜಿಗಿದ ಮಕ್ಕಳಿಗೆ ಏಟು, ಓಡಿದ ಮೇಕೆಗೆ ಏಟು, ಮೇಕೆಯ ಒಡೆಯನಿಗೆ ಎರಡು ಏಟು. ಒಂದು ಮದುವೆಯ ದಿಬ್ಬಣ ಬಂತು. ಡಿಜೆ ಹಚ್ಚಿ ಕುಣಿಯುತ್ತಿದ್ದ ಹುಡುಗರ ನಡುವೆ ಬಡಿಗೆ ಹಿಡಿದು ನುಗ್ಗಿ, ಮದುಮಗನ ಬೆನ್ನಿಗೂ ಒಂದು ಬಿಟ್ಟಳು. ಆ ದಿಬ್ಬಣ ಹೆಣದ ಮೆರವಣಿಗೆಯಂತೆ ಮೆಲ್ಲಗೆ ಓಣಿ ದಾಟಿತು. ಅವಳ ಮಗಳು ರೇಣವ್ವ ಹೆರಿಗೆಗೆ ಬಂದು ಆ ಮನೆಯಲ್ಲೇ ಬಾಣಂತಿಯಾಗಿದ್ದಳು. ತೊಟ್ಟಿಲು ತೂಗಿದರೂ ಮಿಶನ್ನಿಗೆ ತಿಳಿದೀತೆಂದು ಹುಲಿಗೆವ್ವ ಮೊಮ್ಮಗಳನ್ನು ತೊಡೆಯ ಮೇಲೇ ಹಾಕಿಕೊಂಡು ಮಲಗಿಸುತ್ತಿದ್ದಳು. ತೊಟ್ಟಿಲಿನಿಂದ ಏನೂ ಆಗುವುದಿಲ್ಲವೆಂದು ಹೇಳಿದೆ. ನಂಬಲಿಲ್ಲ.

ಬ್ಯಾಟರಿ ಬದಲಿಸಲು ನಾನು ಬಂದ ದಿನವೇ ಪಶ್ಚಿಮದ ಕಡೆ ಮೊದಲ ಬಾರು. ಅಳತೆಯ ಗೋಳು ಮುಗಿಯಿತಲ್ಲ, ಕ್ವಾರಿಯವರು ಮನಸು ಬಿಚ್ಚಿ ತುಂಬಿದ್ದರು. ತೂತುಗಳ ಸಾಲು ಗುಡ್ಡದೋಣಿಯ ಹಿತ್ತಿಲಿನವರೆಗೂ ಬಂದಿತ್ತು. ಹುಲಿಗೆವ್ವ ಅದನ್ನು ನೋಡಿ ಬಂದಳು. ಬಂದವಳೇ ಸೀಟಿ ಹೊಡೆದಳು, ಬಾಯಿ ಮಾಡಿದಳು, ಆಮೇಲೆ ಬಾಗಿಲು ಬಾಗಿಲಿಗೆ ಬಡಿಗೆ ಹಾಕಿ ಓಣಿ ಖಾಲಿ ಮಾಡಿಸಿದಳು. ಮುದುಕರನ್ನು ಬೆನ್ನ ಮೇಲೆ ಹೊತ್ತಳು. ಒಲೆಯ ಮೇಲಿನ ಸಾರು ಇಳಿಸಿ ಬರುತ್ತೇನೆ ಎಂದವಳ ಸಾರಿನ ಗಡಿಗೆಯನ್ನೇ ಒದ್ದು ಉರುಳಿಸಿದಳು.

ಉಳಿದದ್ದು ಅವಳದೇ ಮನೆ. ಬಾಗಿಲಲ್ಲಿ ಹಿರಿಯ ಹೆಂಗಸರು ಅಡ್ಡ ನಿಂತಿದ್ದರು. ಹಸಿ ಬಾಣಂತಿ ಹೊಸ್ತಿಲು ದಾಟಬಾರದು. ಗಾಳಿ ಸೋಕಬಾರದು, ಬಿಸಿಲು ಬೀಳಬಾರದು. ರೇಣವ್ವ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಬಿಗಿದು, ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಂಚದ ಮೇಲೆ ಮಲಗಿದ್ದಳು.

"ಯವ್ವಾ, ನಾ ಬರಂಗಿಲ್ಲ. ಕೂಸಿಗೆ ಗಾಳಿ ಆಗ್ತದ," ಎಂದು ಅತ್ತಳು.

"ಇಷ್ಟು ದಿನ ಏನೂ ಆಗಿಲ್ಲ, ಇವತ್ತೇನು ಆಗ್ತದ ಹುಲಿಗೀ?" ಎಂದರು ಮುದುಕಿಯರು.

ಊರಿಗೆಲ್ಲ ಏಟು ಕೊಡುತ್ತಿದ್ದ ಕೈ ಒಂದು ಕ್ಷಣ ನಿಂತದ್ದನ್ನು ನಾನು ಕಂಡೆ. ಆಮೇಲೆ ಮಗಳ ಕೆನ್ನೆಗೆ ಫಟಾರ್ ಎಂದು ಬಿತ್ತು. ಬಾಣಂತಿಗೆ ಹೊಡೆದಳೆಂದು ಹೆಂಗಸರು ಹೋ ಎಂದರು. ಅವರನ್ನು ನೂಕಿ, "ಸಾಬ, ಹಿಡಿ ಆ ಕಡಿ!" ಎಂದಳು. ಮಂಚಸಹಿತ ತಾಯಿ ಮಗುವನ್ನು ಎತ್ತಿಕೊಂಡು ಓಡಿದೆವು. ಅವಳು ಮುಂದೆ, ನಾನು ಹಿಂದೆ. ರೇಣವ್ವ ಮಲಗಿದಲ್ಲಿಂದಲೇ ತಾಯಿಗೆ ಶಾಪ ಹಾಕುತ್ತಿದ್ದಳು. ಕೆರೆಯ ಏರಿಯ ಹಿಂದೆ ಮಂಚ ಇಳಿಸಿದ್ದೇ ಹುಲಿಗೆವ್ವ ಬಾವುಟ ಹಿಡಿದು ರಸ್ತೆಗೆ ಓಡಿದಳು. ರಸ್ತೆಯಲ್ಲಿ ಬಸ್ಸುಗಳಿದ್ದವು.

ಅಂಥ ಬಾರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಏರಿಯ ಮಣ್ಣು ಕಾಲಡಿಯಲ್ಲಿ ಕುಸಿಯಿತು. ಕೆರೆಯ ನೀರು ತಟ್ಟೆಯಲ್ಲಿನ ನೀರಿನ ಹಾಗೆ ಅಲುಗಿತು. ಹುಲಿಗೆವ್ವನ ಮನೆಯ ಮುಂದಿನ ಗೋಡೆ ಹೊಟ್ಟೆ ಉಬ್ಬಿ ಹೊರಗೆ ಬಂತು, ಹಿಂದೆಯೇ ಚಪ್ಪಡಿಗಳು ಒಂದರ ಮೇಲೊಂದು ಒಳಗೆ ಕೂತವು. ಮಂಚ ಹಾಕಿದ್ದ ಜಾಗದಲ್ಲಿ ಕಲ್ಲಿನ ರಾಶಿ. ಶಾಪ ಹಾಕುತ್ತಿದ್ದ ರೇಣವ್ವ ಕೂಸನ್ನು ಎದೆಗೆ ಅವಚಿಕೊಂಡಳು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಕೂಗು ಕೇಳಿತು.

ಒಂದು ಟಂಟಂ ಆಟೋ ಬಾವುಟ ದಾಟಿ ಮುಂದೆ ಬಂದಿತ್ತಂತೆ. ಒಳಗೆ ಹತ್ತಿ ಬಿಡಿಸಲು ಹೊರಟ ಹೆಂಗಸರು. ಹುಲಿಗೆವ್ವ ಎರಡೂ ಕೈ ಚಾಚಿ ಅದರ ಮೂತಿಯನ್ನು ಹಿಂದಕ್ಕೆ ನೂಕುತ್ತ, ಡ್ರೈವರನಿಗೆ ಬೈಯುತ್ತ ನಿಂತಿದ್ದಳು. ಗುಡ್ಡದ ಕಡೆಗೆ ಅವಳ ಬೆನ್ನಿತ್ತು. ಕಲ್ಲು ಬಂದು ತಲೆಯ ಹಿಂಭಾಗಕ್ಕೆ ಬಡಿಯಿತು. ಟಂಟಂನಲ್ಲಿದ್ದ ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಅದೇ ಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು.

ನಾನು ಅಂಗಳಕ್ಕೆ ಬಿದ್ದಿದ್ದ ಗೋಡೆಯ ಕಲ್ಲುಗಳನ್ನು ಸರಿಸಿ ಮಿಶನ್ ಹುಡುಕಿದೆ. ಪೆಟ್ಟಿಗೆ ನೆಗ್ಗಿತ್ತು. ಗುಂಡಿಯ ಮೇಲಿನ ಧೂಳು ಒರೆಸಿದೆ. ಒತ್ತಿದರೆ ಗೆರೆ ಬಂತು. ಒನಕೆ ಇಲ್ಲ, ಮೇಕೆ ಇಲ್ಲ, ದಿಬ್ಬಣ ಇಲ್ಲ. ಸಪಾಟು ಗೆರೆ, ಆಮೇಲೆ ಬಾರು, ಅದರ ಬೆನ್ನಿಗೆ ಮನೆ ಬಿದ್ದದ್ದು. ಮಿತಿಯ ನಾಲ್ಕು ಪಟ್ಟು. ಅದನ್ನು ನೋಡಿ ಈ ಸಲ ಸಭೆಯಲ್ಲಿ ಯಾರೂ ನಗಲಿಲ್ಲ. ಪಶ್ಚಿಮದ ಕಡೆಗೆ ಕೊಟ್ಟ ಒಪ್ಪಿಗೆ ರದ್ದಾಯಿತು.

ಈಗ ನಾನು ಬೇರೆ ಬೇರೆ ಕ್ವಾರಿಗಳಿಗೆ ಹೋಗುತ್ತೇನೆ. ಎಲ್ಲ ಕಡೆ ಸೈರನ್ ಬಂದಿದೆ. ಗುಂಡಿ ಒತ್ತಿದರೆ ಊರಿಗೆಲ್ಲ ಕೇಳುತ್ತದೆ. ಕೇಳಿಯೂ ನಿಂತುಕೊಂಡಿರುವವರನ್ನು ಕಾಲರ್ ಹಿಡಿದು ಎಳೆಯುವುದು ಸೈರನ್ನಿಗೆ ಬರುವುದಿಲ್ಲ. ಆ ಕೆಲಸಕ್ಕೆ ನಾನೇ ಇಳಿಯುತ್ತೇನೆ, ಹೊಡೆತಗಳನ್ನೂ ತಿಂದಿದ್ದೇನೆ. ಅವಳಷ್ಟು ಚೆನ್ನಾಗಿ ಹೊಡೆಯಲು ನನಗೆ ಇನ್ನೂ ಬಂದಿಲ್ಲ.

ಕಡೆಯ ಸಲ ಅವಳನ್ನು ಕಂಡದ್ದು ಯಾದಗಿರಿಯ ಆಸ್ಪತ್ರೆಯಲ್ಲಿ. ತಲೆಯ ತುಂಬ ಪಟ್ಟಿ, ಕೈಗೆ ಸಲಾಯಿನ್. ಕೊರಳಲ್ಲಿದ್ದ ಸೀಟಿಯನ್ನು ನರ್ಸ್ ಬಿಚ್ಚಿ ದಿಂಬಿನ ಕೆಳಗಿಟ್ಟಿದ್ದಳು. ರೇಣವ್ವ ಕೂಸನ್ನು ಎತ್ತಿಕೊಂಡು ಕಾಲ ದೆಸೆಯಲ್ಲಿ ಕೂತಿದ್ದಳು, ಕಿವಿಯಲ್ಲಿ ಅರಳೆ ಇರಲಿಲ್ಲ. ನಾನು ಬಗ್ಗಿ ಹೇಳಿದೆ. "ಅಕ್ಕಾ, ಪಶ್ಚಿಮದ ಕಡಿ ಬಂದ್ ಮಾಡ್ಯಾರ. ಓಣಿ ಉಳೀತು."

"ಮಿಶನ್ ಖರೆ ಹೇಳಿತೇನು?"

"ಖರೆ ಹೇಳಿತು."

"ಯಾವಾಗ ಹೇಳಿತು?"

"ಗೋಡಿ ಬಿದ್ದ ಮ್ಯಾಲೇ ಅಕ್ಕಾ," ಎಂದೆ. ಅವಳು ಇನ್ನೂ ಹತ್ತಿರ ಬಾ ಎಂದು ಬೆರಳು ಆಡಿಸಿದಳು. ಮುಖವನ್ನು ಅವಳ ಮುಖದ ಹತ್ತಿರ ಒಯ್ದೆ. ಸಲಾಯಿನ್ ಚುಚ್ಚಿದ್ದ ಕೈ ಮೆಲ್ಲಗೆ ಮೇಲೆದ್ದು ನನ್ನ ಕಪಾಳಕ್ಕೆ ಬಿತ್ತು.

"ನೆನಪಿರಲಿ ಅಂತ," ಎಂದಳು.

ಕೆನ್ನೆಗೆ ಅವಳ ಬೆರಳು ತಾಗಿದ್ದಷ್ಟೇ ಗೊತ್ತಾಯಿತು. ನೋಯಲಿಲ್ಲ. ಹುಲಿಗೆವ್ವನ ಏಟು ನೋಯಲಿಲ್ಲವಲ್ಲ ಎಂದು ನಾನು ಆ ಮಂಚದ ಕಂಬಿ ಹಿಡಿದು, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಅತ್ತೆ.